ಹನ್ನೊಂದು ಲೋಟ

ಆತ್ರೇಯ ಮೇಷ್ಟ್ರು ಕುಸಿದು ಬಿದ್ದದ್ದು ಹಾಸನದ ಹೊಸಲೈನ್ ರಸ್ತೆಯಲ್ಲಿ, ರೇವಮ್ಮನ ಒತ್ತುಶಾವಿಗೆ ಅಂಗಡಿಯ ಎದುರಿಗೆ. 2005ರ ಏಪ್ರಿಲ್ ತಿಂಗಳ ಒಂದು ಭಾನುವಾರ. ಬಿಸಿಲು ಇನ್ನೂ ಇಳಿದಿರಲಿಲ್ಲ. ಶಾವಿಗೆ ಒರಳಿನ ಕಥೆ ಹೇಳುತ್ತಿದ್ದವರು ಮಾತು ನಿಲ್ಲಿಸಿ ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಆಮೇಲೆ ಹೊಟ್ಟೆ ಹಿಡಿದುಕೊಂಡರು. ಆಮೇಲೆ ನೆಲಕ್ಕೆ ಒರಗಿದರು.

ಮೇಷ್ಟ್ರು ಹೊಳೆನರಸೀಪುರದ ವೈದಿಕರ ಮನೆಯವರು. ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದ ಮೇಲೆ ತಿಂಡಿ ನಡಿಗೆ ಶುರುಮಾಡಿದ್ದರು. ಪ್ರತಿ ಭಾನುವಾರ ಆಸಕ್ತರನ್ನು ಕಟ್ಟಿಕೊಂಡು ಹೊರಡುವುದು. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಲಕ್ಕಮ್ಮನ ಮೆಣಸಿನಕಾಯಿ ಬಜ್ಜಿ, ಮಾರ್ವಾಡಿಗಳ ಅಂಗಡಿಯಲ್ಲಿ ಕಚೋರಿ, ಪೆನ್ಷನ್ ಮೊಹಲ್ಲಾದ ಗಲ್ಲಿಯಲ್ಲಿ ಬುಡೇನ್ ಸಾಬರ ಗುಲಾಬಿ ಶರಬತ್ತು, ಕೊನೆಗೆ ರೇವಮ್ಮನ ಶಾವಿಗೆ. ಜೊತೆಗೆ, ಯಾರು ಎಲ್ಲಿಂದ ಬಂದು ಈ ಊರಿನವರಾದರು ಎಂಬ ಕಥೆ.

ಅವತ್ತು ಮೇಷ್ಟ್ರು, ಅವರ ಸಹಾಯಕ ಕೇದಾರ್, ಇನ್ನು ಒಂಬತ್ತು ಮಂದಿ. ಶಾವಿಗೆಯೊಂದನ್ನು ಬಿಟ್ಟು ಹನ್ನೊಂದು ಜನರೂ ಎಲ್ಲವನ್ನೂ ತಿಂದು ಕುಡಿದಿದ್ದರು. ಬಿದ್ದವರು ಮಾತ್ರ ಒಬ್ಬರೇ.

"ಬಜ್ಜಿ, ಕಚೋರಿ ಕಣ್ಣೆದುರೇ ಬಿಸಿಬಿಸಿ ಕರೆದಿದ್ದು. ಶರಬತ್ತೇ ಇರ್ಬೇಕು," ಅಂದ ಕೇದಾರ್. ಮೊದಲು ಹೇಳಿದವನು ಅವನೇ. ಅರ್ಧ ಗಂಟೆಯೊಳಗೆ ಊರೆಲ್ಲ ಅದನ್ನೇ ಹೇಳುತ್ತಿತ್ತು.

* * *

ದಫೇದಾರ್ ಚಲುವಯ್ಯನಿಗೆ ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ಬಜ್ಜಿ, ಶರಬತ್ತುಗಳನ್ನು ದೂರದಿಂದ ನೋಡಿ ತೃಪ್ತಿಪಡುತ್ತಿದ್ದ ಪ್ರಾಣಿ. ಅಂಥವನನ್ನೇ ಹುಡುಕಿ ಸಬ್ ಇನ್‌ಸ್ಪೆಕ್ಟರ್ ಈ ಕೇಸಿಗೆ ಅಟ್ಟಿದರು.

"ಆ ಶರಬತ್ತಿನ ಗಾಡಿಯವನ ಮೇಲೆ ಕೇಸು ಬರ್ಕೊಂಡು ಬಾರಯ್ಯ. ನಾಳೆ ಮಧ್ಯಾಹ್ನದೊಳಗೆ ಗಾಡಿ ಅಲ್ಲಿರಬಾರದು. ಜನ ರೊಚ್ಚಿಗೆದ್ದಿದಾರೆ."

"ಒಂದ್ಸಲ ಮೇಷ್ಟ್ರುನ್ನ ನೋಡ್ಕಂಡ್ ಬತ್ತೀನಿ ಸಾ," ಅಂದು ಚಲುವಯ್ಯ ಆಸ್ಪತ್ರೆಗೆ ಸೈಕಲ್ ತಿರುಗಿಸಿದ.

"ಜೀವಕ್ಕೆ ಭಯ ಇಲ್ಲ," ಡಾಕ್ಟರು ಹೇಳಿದರು. "ಹೊಟ್ಟೆಗೆ ಹೋಗಿರೋದು ಸ್ವಲ್ಪವೇ. ಆದ್ರೆ ತುಟಿ ನೋಡಿ."

ಮೇಷ್ಟ್ರ ತುಟಿ ಊದಿ, ಸಣ್ಣ ಗುಳ್ಳೆಗಳೆದ್ದಿದ್ದವು. ಮಾತಾಡುವ ಸ್ಥಿತಿ ಇರಲಿಲ್ಲ.

"ಮೆಣಸಿನಕಾಯ್ ಖಾರಕ್ಕೆ ಇಂಗಾಯ್ತದಾ ಸಾ?"

"ಇಲ್ಲ. ಜಾಪಾಳದ ಎಣ್ಣೆ ಥರದ್ದು. ಹೊಟ್ಟೆಗೆ ಹೋದ್ರೆ ಭೇದಿ. ಚರ್ಮಕ್ಕೆ ತಗುಲಿದ್ರೂ ಸಾಕು, ಕೆಂಪಗಾಗಿ ಬೊಬ್ಬೆ ಬರುತ್ತೆ."

ಹೊರಗೆ ಬೆಂಚಿನ ಮೇಲೆ ಕೇದಾರ್ ಕೂತಿದ್ದ. ಇಪ್ಪತ್ತೆಂಟರ ವಯಸ್ಸು, ಬಿಳಿ ಅಂಗಿ. ನೀರಿನ ಬಾಟಲಿಯನ್ನು ತುಟಿಗಿಟ್ಟು ಗಟಗಟ ಕುಡಿಯುತ್ತಿದ್ದ. ಅಂಗಿಯ ಕಾಲರಿನಿಂದ ಎದೆಯವರೆಗೆ ಗುಲಾಬಿ ಬಣ್ಣದ ಕಲೆ. ಅದರಲ್ಲಿ ಒಂದು ಕಪ್ಪು ಕಾಮಕಸ್ತೂರಿ ಬೀಜ ಒಣಗಿ ಅಂಟಿಕೊಂಡಿತ್ತು. ಬಲಗೈಗೆ ಕರವಸ್ತ್ರ ಸುತ್ತಿದ್ದ.

"ಕೈಗೇನಾಯ್ತಪ್ಪ?"

"ಲಕ್ಕಮ್ಮನ ಬಾಣಲೆ ಎಣ್ಣೆ ಸಿಡೀತು ಸಾರ್." ಆಮೇಲೆ ತಾನಾಗಿಯೇ ಅಂದ: "ಎಷ್ಟು ಸಲ ಹೇಳಿದ್ದೆ ಮೇಷ್ಟ್ರಿಗೆ, ಆ ಗಲ್ಲಿ ಬಿಟ್ಬಿಡೋಣ ಅಂತ. ಬಿ.ಎಂ. ರಸ್ತೆ ಹೋಟೆಲಿನವರು ನಡಿಗೆ ತಾವೇ ನಡೆಸ್ತೀವಿ, ನೀನೇ ಗೈಡ್ ಆಗು ಅಂತ ಕರೀತಿದಾರೆ. ಕ್ಲೀನಾಗಿರುತ್ತೆ."

ಚಲುವಯ್ಯ ತಲೆಯಾಡಿಸಿದ. ತಲೆಯಾಡಿಸುವುದಕ್ಕೆ ಅವನಿಗೆ ಸಕ್ಕರೆ ಕಾಯಿಲೆ ಅಡ್ಡ ಬರುತ್ತಿರಲಿಲ್ಲ.

* * *

ಬುಡೇನ್ ಸಾಬರ ಗಾಡಿಯ ಸುತ್ತ ನಲವತ್ತು ಜನ ನಿಂತಿದ್ದರು. ಯಾರೋ ಐಸಿನ ಡಬ್ಬಿ ಉರುಳಿಸಿದ್ದರು. ಎಪ್ಪತ್ತರ ಮುದುಕ ಗಾಡಿಯ ಹಿಡಿಯನ್ನು ಬಿಟ್ಟಿರಲಿಲ್ಲ.

"ಮೂವತ್ತು ವರ್ಷ ಆಯ್ತು ಸಾ ಇದೇ ಜಾಗ. ಮೇಷ್ಟ್ರು ನನ್ ದೋಸ್ತು. ಅವರಿಗೆ ನಾನು ಇಂಥದ್ದು ಮಾಡ್ತೀನಾ?"

"ಹಂಡೇಲಿ ಶರಬತ್ತು ಉಳದದಾ?"

"ಇದೆ. ಇಗೋ ನೋಡಿ." ಮುದುಕ ಎಲ್ಲರೆದುರಿಗೆ ಒಂದು ಸೌಟು ಎತ್ತಿ ಕುಡಿದೇಬಿಟ್ಟ. ಏನೂ ಆಗಲಿಲ್ಲ. ಜನರಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು.

"ಲೋಟಗಳು?"

"ನಡಿಗೆಯವರು ಕುಡಿದಿದ್ದು ಬಕೆಟ್ಟಲ್ಲಿವೆ. ಇನ್ನೂ ತೊಳೆದಿಲ್ಲ. ಅವರು ಹೋಗಿ ಗಳಿಗೆಗೆ ಈ ಗಲಾಟೆ."

ಹನ್ನೊಂದು ಸ್ಟೀಲ್ ಲೋಟ. ಚಲುವಯ್ಯ ಅವನ್ನು ಬಟ್ಟೆಯಲ್ಲಿ ಕಟ್ಟಿಕೊಂಡ. "ಯಾರು ಜೋಡಿಸಿಟ್ಟಿದ್ದು?"

"ಪ್ರತಿ ವಾರ ಕೇದಾರಪ್ಪನೇ ನಲ್ಲಿ ಹತ್ರ ತೊಳೆದು ತರೋದು. ನಾನು ತುಂಬ್ಸಿ ಕೊಡ್ತೀನಿ. ಯಾರ ಕೈಗೆ ಯಾವ್ದು ಹೋಯ್ತದೆ, ಯಾರಿಗೆ ಗೊತ್ತು?"

* * *

ಆ ಸಂಜೆ ಇನ್ನೊಂದು ಸುಳಿವು ಸಿಕ್ಕಿತು. ನಡಿಗೆಗೆ ಬಂದಿದ್ದ ಚನ್ನರಾಯಪಟ್ಟಣದ ಬಟ್ಟೆ ವ್ಯಾಪಾರಿ ಚಂದ್ರಶೇಖರಯ್ಯ, ಕಚೋರಿ ಅಂಗಡಿಯಲ್ಲಿ ಮೇಷ್ಟ್ರ ಮೇಲೆ ಕೂಗಾಡಿದ್ದರಂತೆ. ಚಲುವಯ್ಯ ಅವರು ಇಳಿದಿದ್ದ ಲಾಡ್ಜಿಗೆ ಹೋದ.

"ಕೂಗಾಡಿದೆ, ನಿಜ," ಅಂದರು ಚಂದ್ರಶೇಖರಯ್ಯ. "ನಮ್ಮಜ್ಜಿ ಮಾಡ್ತಿದ್ದ ಹೋಳಿಗೆ ಹದ ರಾಮನಾಥಪುರದ ಅಡುಗೆ ಭಟ್ಟರಿಂದ ಕಲಿತಿದ್ದು ಅಂತ ಎಲ್ಲರ ಮುಂದೆ ಹೇಳಿದ್ರು. ಹೊಟ್ಟೆ ಉರೀತು. ಅದಕ್ಕೆ ವಿಷ ಹಾಕ್ತಾರಾ ದಫೇದಾರ್ರೇ?"

"ಓಳಿಗೆ ವಿಚಾರಕ್ಕೆ ತಲೆ ಒಡೆದಿರೋ ಕೇಸು ನೋಡಿವ್ನಿ ಸಾ."

ಆದರೂ ಇವರಲ್ಲ ಅನ್ನಿಸಿತು. ನಲ್ಲಿಯ ಹತ್ತಿರ ಅವರು ಹೋಗಿರಲೇ ಇಲ್ಲ. ಬೆಳಿಗ್ಗೆ ಗಾಡಿ ಹತ್ತಿರ ಬನ್ನಿ ಎಂದು ಹೇಳಿ ಚಲುವಯ್ಯ ಮನೆಗೆ ಹೊರಟ.

ಲೋಟಗಳನ್ನು ಪರೀಕ್ಷೆಗೆ ಕಳಿಸಿದರೆ ವರದಿ ಬರಲು ತಿಂಗಳು. ಗಾಡಿಗೆ ಇದ್ದದ್ದು ಮಧ್ಯಾಹ್ನದವರೆಗೆ. ಚಲುವಯ್ಯ ಒಂದೊಂದು ಲೋಟದ ಅಂಚಿನ ಹೊರಬದಿಗೂ ಒಂದೊಂದು ಹತ್ತಿಯ ಬತ್ತಿಯನ್ನು ಒಂದೇ ಕಡೆ ಸವರಿ, ಉಳಿದದ್ದನ್ನು ಪರೀಕ್ಷೆಗೆ ಬಿಟ್ಟು, ತನ್ನ ಎಡಗೈಯ ಒಳಭಾಗಕ್ಕೆ ಹನ್ನೊಂದು ಕಡೆ ಒತ್ತಿದ. ಪಕ್ಕದಲ್ಲಿ ಪೆನ್ನಿನಿಂದ ನಂಬರು ಬರೆದ. "ಬುದ್ಧಿ ಇದ್ಯೇನ್ರೀ ನಿಮಗೆ?" ಅಂದಳು ಹೆಂಡತಿ.

ಬೆಳಿಗ್ಗೆ ಎದ್ದು ನೋಡಿದ. ಒಂದು ಕೆಂಪು ಗುರುತನ್ನು ನಿರೀಕ್ಷಿಸಿದ್ದ. ಹನ್ನೊಂದೂ ಕೆಂಪಗಿದ್ದವು.

ಹಾಗಿದ್ದರೆ ಎಣ್ಣೆ ಮೇಷ್ಟ್ರಿಗೆ ಇಟ್ಟದ್ದಲ್ಲ. ಎಲ್ಲರಿಗೂ ಇಟ್ಟದ್ದು. ಹತ್ತು ಜನ ಹೇಗೆ ಉಳಿದರು? ಕೈ ಉರಿಯುತ್ತಿತ್ತು. ಚಲುವಯ್ಯ ನೀರಿನ ಲೋಟ ತೆಗೆದುಕೊಂಡು, ತಲೆ ಹಿಂದಕ್ಕೆ ಬಾಗಿಸಿ, ಎತ್ತಿ ಕುಡಿಯತೊಡಗಿದ. ಅರ್ಧದಲ್ಲಿ ನಿಲ್ಲಿಸಿದ. ಲೋಟ ಇನ್ನೂ ತುಟಿಯಿಂದ ಗೇಣುದ್ದ ಮೇಲಿತ್ತು.

* * *

ಹತ್ತು ಗಂಟೆಗೆ ಎಲ್ಲರೂ ಗಾಡಿಯ ಹತ್ತಿರ ಸೇರಿದರು. ಸಬ್ ಇನ್‌ಸ್ಪೆಕ್ಟರೂ ಬಂದಿದ್ದರು. ಗಾಡಿ ಎಳೆದೊಯ್ಯಲು ಟ್ರ್ಯಾಕ್ಟರು ಗಲ್ಲಿಯ ಬಾಯಲ್ಲಿ ನಿಂತಿತ್ತು.

"ನೆನ್ನೆ ಶರಬತ್ತು ಯೆಂಗೆ ಕುಡುದ್ರಿ?" ಚಲುವಯ್ಯ ಕೇಳಿದ.

"ಎಲ್ಲರ ಹಾಗೇ," ಅಂದರು ಚಂದ್ರಶೇಖರಯ್ಯ.

"ಎಲ್ಲರ ಅಂಗೆ ಅಂದ್ರೆ ಯೆಂಗೆ ಸಾ? ಕಚ್ಚಿ ಕುಡುದ್ರಾ, ಎತ್ತಿ ಕುಡುದ್ರಾ?"

ಬುಡೇನ್ ಸಾಬರು ಅಲ್ಲೇ ನಿಂತಿದ್ದರು. ಒಬ್ಬರು ಚಪ್ಪಲಿ ನೋಡಿಕೊಂಡರು, ಇನ್ನೊಬ್ಬರು ಆಕಾಶ ನೋಡಿದರು. ಎಲ್ಲರೂ ಸಾಮರಸ್ಯದ ನಡಿಗೆ ಎಂದು ಹೆಮ್ಮೆಪಟ್ಟು ಬಂದವರೇ.

"ನೀವು ಬಾಯ್ ಬಿಡ್ದೆ ಓದ್ರೆ ಇವ್ರ ಗಾಡಿ ಓಯ್ತದೆ. ಅಷ್ಟೇ," ಅಂದ ಚಲುವಯ್ಯ.

ನಿವೃತ್ತ ಹೆಡ್‌ಮಿಸ್ಟ್ರೆಸ್ ಶ್ರೀರಂಗಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ಎತ್ತಿ ಕುಡಿದ್ವಿ. ನಾನು ಪ್ರತಿ ಸಲ ಎತ್ತಿಯೇ ಕುಡಿಯೋದು. ಇಲ್ಲಿ ತುಟಿ ತಾಗಿಸೋಕೆ ಮನಸ್ಸು ಬರಲಿಲ್ಲ. ಕ್ಷಮಿಸಪ್ಪ, ಬುಡೇನ್."

"ಗೊತ್ತು ತಾಯಿ," ಅಂದರು ಬುಡೇನ್ ಸಾಬರು. "ಮೂವತ್ತು ವರ್ಷದಿಂದ ನೋಡ್ತಾ ಇದೀನಿ."

"ಮೇಷ್ಟ್ರು?" ಅಂದ ಚಲುವಯ್ಯ.

"ಅವರು ಕಚ್ಚಿ ಕುಡೀತಾರೆ," ಅಂದರು ಸಾಬರು. "ಮೊದಲನೇ ದಿನದಿಂದ."

ಚಲುವಯ್ಯ ತೋಳು ಮಡಚಿ ಹನ್ನೊಂದು ಗುರುತು ತೋರಿಸಿದ. "ವಿಷ ಹಂಡೇಲಿರ್ಲಿಲ್ಲ ಸಾ, ಲೋಟದ ಅಂಚಿನ ಒರಗಡೆ ಇತ್ತು. ಅಷ್ಟೂ ಲೋಟಕ್ಕೆ. ಆರೇಳು ಜನಾನಾರ ಮಲಗ್ಲಿ, ಗಾಡಿ ಎತ್ತಿಸ್ಲಿ ಅಂತ ಯಾರೋ ಲೆಕ್ಕ ಆಕಿದ್ರು. ಇವ್ರೆಲ್ಲ ಎತ್ತಿ ಕುಡೀತಾರೆ ಅಂತ ಅವ್ರಿಗೆ ಗೊತ್ತಿರ್ಲಿಲ್ಲ. ಯಾಕೆ? ಯಾವತ್ತೂ ನೋಡೇ ಇಲ್ಲ. ತಾನು ಬಾಟ್ಲಿಗೇ ಬಾಯಿಟ್ಟು ಕುಡಿಯೋನು, ಬೇರೆಯವ್ರು ಯೆಂಗೆ ಕುಡೀತಾರೆ ಅಂತ ಯಾಕೆ ನೋಡಾನು?"

ಅವನು ಕೇದಾರನ ಕಡೆ ತಿರುಗಿದ.

"ನೆನ್ನೆ ಒಂದು ದಿನ ಮಾತ್ರ ನೀನು ಎತ್ತಿ ಕುಡುದೆ ಕಣಪ್ಪ. ಅಭ್ಯಾಸ ಇಲ್ಲ, ಎದೆ ಮೇಲೆಲ್ಲ ಚೆಲ್ಕಂಡೆ. ಚಿಕ್ಕಂದಿನಿಂದ ಎತ್ತಿ ಕುಡಿಯೋ ಇವ್ರ ಯಾರ್ ಮೇಲೂ ಒಂದು ತೊಟ್ಟು ಬಿದ್ದಿಲ್ಲ."

"ಅದು ಮೇಷ್ಟ್ರನ್ನ ಎತ್ತುವಾಗ ಆಗಿದ್ದು!"

"ಮೇಷ್ಟ್ರು ಬಿದ್ದಿದ್ದು ಶಾವಿಗೆ ಅಂಗಡಿ ಮುಂದೆ. ಅಲ್ಲಿ ಶರಬತ್ತೆಲ್ಲಿತ್ತು? ಕೈ ಬಿಚ್ಚು."

ಕೇದಾರ್ ಬಿಚ್ಚಲಿಲ್ಲ. ಸಬ್ ಇನ್‌ಸ್ಪೆಕ್ಟರೇ ಕರವಸ್ತ್ರ ಎಳೆದರು. ಹೆಬ್ಬೆರಳು, ತೋರುಬೆರಳುಗಳ ತುದಿಗೆ ಮಾತ್ರ ಬೊಬ್ಬೆ. ಸಿಡಿದ ಎಣ್ಣೆ ಹಾಗೆ ಬೆರಳ ತುದಿಯನ್ನೇ ಆರಿಸಿಕೊಂಡು ಬೀಳುವುದಿಲ್ಲ.

"ಸಾಯಿಸೋಕಲ್ಲ ಸಾರ್," ಅಂದ ಕೇದಾರ್, ಧ್ವನಿ ಇಳಿದುಹೋಗಿತ್ತು. "ಹೋಟೆಲಿನವರಿಗೆ ಈ ಗಲ್ಲಿ ಬೇಡ. ಮೇಷ್ಟ್ರು ಗಲ್ಲಿ ಬಿಟ್ರೆ ನಡಿಗೆಯೇ ಇಲ್ಲ ಅಂದ್ರು. ನಾಲ್ಕು ಜನಕ್ಕೆ ಹೊಟ್ಟೆ ಕೆಟ್ರೆ ಗಾಡಿ ತಾನಾಗೇ ಹೋಗುತ್ತೆ ಅಂದ್ಕೊಂಡೆ."

ಟ್ರ್ಯಾಕ್ಟರು ಖಾಲಿ ಹಿಂದಕ್ಕೆ ಹೋಯಿತು. ಕೇದಾರ್ ಜೀಪು ಹತ್ತಿದ.

* * *

ಮೂರನೆಯ ಭಾನುವಾರ ಮೇಷ್ಟ್ರು ಮತ್ತೆ ನಡಿಗೆ ಹೊರಟರು. ಹನ್ನೊಂದು ಲೋಟಗಳು ನ್ಯಾಯಾಲಯದ ಮುದ್ದೆಮಾಲಾಗಿ ಕಪಾಟು ಸೇರಿದ್ದವು. ಬುಡೇನ್ ಸಾಬರು ಪೇಪರ್ ಕಪ್ಪುಗಳ ಕಟ್ಟು ಬಿಚ್ಚಿ ಎಲ್ಲರಿಗೂ ಅದರಲ್ಲೇ ಶರಬತ್ತು ಕೊಟ್ಟರು. ಕುಡಿದು ಎಸೆಯುವ ಕಪ್ಪು. ಕಚ್ಚಿಯಾದರೂ ಕುಡಿಯಲಿ, ಎತ್ತಿಯಾದರೂ ಕುಡಿಯಲಿ, ಯಾರಿಗೂ ಮುಜುಗರವಿಲ್ಲ.

ಮೇಷ್ಟ್ರಿಗೆ ಮಾತ್ರ ಗಾಡಿಯ ಕೆಳಗಿನಿಂದ ಒಂದು ಸ್ಟೀಲ್ ಲೋಟ ತೆಗೆದರು. ಮೇಷ್ಟ್ರು ವಾಸಿಯಾಗದ ತುಟಿಯನ್ನು ಅದಕ್ಕೆ ತಾಗಿಸಿ, ಮುಖ ಕಿವುಚಿ, ಕುಡಿದರು.

ಶ್ರೀರಂಗಮ್ಮ ತಮ್ಮ ಕಪ್ಪನ್ನು ಗಾಡಿಯ ಮೇಲಿಟ್ಟರು. "ನಂಗೂ ಲೋಟದಲ್ಲೇ ಕೊಡಪ್ಪ."

ಬುಡೇನ್ ಸಾಬರು ಅವರ ಮುಖವನ್ನು ಒಂದು ಗಳಿಗೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ಮನೆಯಿಂದ ಒಂದೇ ತಂದಿದ್ದೆ ತಾಯಿ," ಅಂದರು.