ಖಾಲಿ ಕುರ್ಚಿಯ ಮೇಲಿನ ವಲ್ಲಿ

1999ರ ಜನವರಿ 10, ಭಾನುವಾರ. ಬೆಟಗೇರಿ ಪೊಲೀಸ್ ಠಾಣೆಯ ಫೋನು ಬಡಿದುಕೊಂಡಾಗ ಪಿಎಸ್‌ಐ ಅಯ್ಯೂಬ ಡಂಬಳ ಅದೇ ತಾನೇ ರಂಜಾನ್ ಉಪವಾಸದ ರೋಜಾ ಬಿಟ್ಟು ಚಹಾದ ಕಪ್ಪಿಗೆ ಕೈ ಹಾಕಿದ್ದರು. ಆಸ್ಪತ್ರೆಯಿಂದ ಖಬರು. ಫುಟ್‌ಬಾಲ್ ಮೈದಾನದಲ್ಲಿ ಒಬ್ಬನ ತಲೆಗೆ ಕಲ್ಲು ಬಿದ್ದಿದೆ, ಎಚ್ಚರವಿಲ್ಲ, ಜೇಬಿನಲ್ಲಿ ಲಕ್ಷ್ಮೇಶ್ವರದ ಬಸ್ ಟಿಕೆಟ್ ಇದೆ. ಡಂಬಳ ಚಹಾ ಬಿಟ್ಟು ಎದ್ದರು. ಕೂತಲ್ಲಿ ಕೂರುವ ಜಾಯಮಾನ ಅವರದಲ್ಲ. ಕುರ್ಚಿಯಲ್ಲಿದ್ದಾಗಲೂ ಅವರ ಎಡಗಾಲು ಒಂದೇ ಸಮ ಕುಣಿಯುತ್ತಿರುತ್ತಿತ್ತು. ಸಾಹೇಬರ ಟೇಬಲ್ಲಿನ ಮೇಲೆ ನೀರಿನ ಲೋಟ ಇಡಬಾರದೆಂದು ಹೆಡ್ ಕಾನ್‌ಸ್ಟೇಬಲ್ ಲಕ್ಕಪ್ಪ ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದ.

ಗದಗ ಜಿಲ್ಲೆಯಾಗಿ ಇನ್ನೂ ಒಂದೂವರೆ ವರ್ಷ ತುಂಬಿರಲಿಲ್ಲ. ಠಾಣೆಗೆ ಹೊಸ ಬೋರ್ಡು ಬಂದಿತ್ತು, ಜೀಪು ಮಾತ್ರ ಹಳೆಯದೇ. ಅದನ್ನು ನೂಕಿಸಿ ಚಾಲೂ ಮಾಡುವುದರೊಳಗೆ ಡಂಬಳ ತಮ್ಮ ಮೋಟಾರ್‌ ಸೈಕಲ್ಲಿನಲ್ಲಿ ಆಸ್ಪತ್ರೆ ಮುಟ್ಟಿದ್ದರು. ಅಷ್ಟರಲ್ಲಿ ಮ್ಯಾಚಿಗೆ ಬಂದಿದ್ದ ಲಕ್ಷ್ಮೇಶ್ವರದವರು ಗಾಯಾಳುವಿನ ಗುರುತು ಹೇಳಿದ್ದರು: ಮಾಶಾಕ, ಅಲ್ಲಿ ಗಾದಿ ಹೊಲಿಯುವವನು. ತಲೆಯ ಹಿಂಬದಿ ಒಡೆದಿತ್ತು. ಡಾಕ್ಟರು ಕೈಗವಸು ಬಿಚ್ಚುತ್ತ, "ಮೂರ್ನಾಲ್ಕು ದಿನ ಏನೂ ಕೇಳಬ್ಯಾಡ್ರಿ" ಎಂದರು. ಅಂದರೆ ಪ್ರಕರಣ ಕೊಲೆ ಯತ್ನದ 307ರಲ್ಲಿ ನಿಲ್ಲುತ್ತದೋ ಕೊಲೆಯ 302ಕ್ಕೆ ಜಾರುತ್ತದೋ ಅವರೂ ಹೇಳಲಾರರು.

ಮರುದಿನ ಮೊದಲ ಬಸ್ಸಿಗೆ ಮಾಶಾಕನ ಹೆಂಡತಿ ಶಮಶಾದಬಿ ಬಂದಳು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂರಿಸಿ ಅವಳ ಫಿರ್ಯಾದಿ ಬರೆದುಕೊಂಡರು.

"ನಿಮ್ಮ ಗಂಡಗ ಯಾರ ಜೋಡಿ ಜಗಳ ಇತ್ತು?"

"ಯಾರ ಜೋಡಿನೂ ಇಲ್ರಿ."

"ನೆನಪ ಮಾಡ್ರಿ."

"ಮಾಡೇನ್ರಿ ಸಾಹೇಬ್ರ. ಬಸ್ಸಿನಾಗ ಕುಂತು ಅದನ್ನ ಮಾಡೇನಿ. ಅವನಿಗೆ ಹತ್ತಿ, ನಮಾಜು, ಫುಟ್‌ಬಾಲು ಬಿಟ್ರ ನಾಲ್ಕನೇದು ಗೊತ್ತಿಲ್ಲ. ರೋಜಾ ಹಿಡದು ಮ್ಯಾಚ್ ನೋಡಾಕ ಬಂದಾನ. ಯಾಕ ಹೊಡದ್ರು ಅಂತ ನೀವ ಹೇಳ್ರಿ."

ಅಷ್ಟರಲ್ಲಿ ಊರು ತನ್ನ ಕೆಲಸ ಶುರು ಮಾಡಿತ್ತು. ಸುಮ್ಮನೆ ಯಾರಾದರೂ ಕಲ್ಲು ಒಗೆಯುತ್ತಾರೆಯೇ, ಏನೋ ಮಾಡಿಕೊಂಡಿರಬೇಕು, ಹೆಂಗಸರ ವಿಷಯವೇ ಇರಬೇಕು ಎಂದು ಪಕ್ಕದ ಹಾಸಿಗೆಯವರ ಕಡೆ ಬಂದ ನೆಂಟರು ಅವಳಿಗೆ ಕೇಳುವಂತೆಯೇ ಆಡಿಕೊಂಡರು. ಗಂಡ ಬದುಕುತ್ತಾನೋ ಇಲ್ಲವೋ ಎಂಬ ದಿಗಿಲಿನ ಮೇಲೆ ಇದೊಂದು. ಶಮಶಾದಬಿ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗೋಡೆ ನೋಡುತ್ತ ಕೂತಿದ್ದಳು. ಡಂಬಳರಿಗೆ ಸಿಟ್ಟು ನೆತ್ತಿಗೇರಿತು. ಆದರೆ ಪೊಲೀಸರು ಊರಿನ ಬಾಯಿಗೆ ಬೀಗ ಹಾಕುವ ಕಾನೂನು ಇನ್ನೂ ಬಂದಿಲ್ಲ.

ಹತ್ತು ಗಂಟೆಗೆ ಮೈದಾನದಲ್ಲಿ ಪಂಚನಾಮೆ. ಅದು ನೇಕಾರ ತರುಣರ ಫುಟ್‌ಬಾಲ್ ಕ್ಲಬ್ಬಿನ ಸ್ವಂತ ಮೈದಾನ. ಒಂದು ಬದಿಗೆ ಸೀಜನ್ ಪಾಸಿನವರ ಕಬ್ಬಿಣದ ಕುರ್ಚಿಗಳು, ಅವುಗಳ ಬೆನ್ನಿಗೇ ಮಣ್ಣಿನ ದಿಬ್ಬ. ದಿಬ್ಬದ ಮೇಲೆ ನಿಂತು ನೋಡುವವರು ಪುಕ್ಕಟೆ ಗಿರಾಕಿಗಳು. ಕಲ್ಲು ಅಲ್ಲಿಂದಲೇ ಬಂದಿತ್ತು, ತೆಂಗಿನಕಾಯಿ ಗಾತ್ರದ್ದು. ಮುಂದಿನ ಸಾಲಿನ ಕುರ್ಚಿಯ ಕೆಳಗೆ ರಕ್ತ ಹೆಪ್ಪುಗಟ್ಟಿತ್ತು. ಪಕ್ಕದಲ್ಲಿ ಕೆಂಪು ಚೌಕಡಿಯ, ಜರಿ ಅಂಚಿನ ಒಂದು ವಲ್ಲಿ ಬಿದ್ದಿತ್ತು. ಹೆಗಲ ಮೇಲೆ ಹಾಕಿಕೊಳ್ಳುವ ಬಟ್ಟೆ, ಒಳ್ಳೆಯ ಬೆಲೆಯದು.

"ಗಾದಿ ಹೊಲಿಯೋನ ಹೆಗಲಿಗೆ ಜರಿ ವಲ್ಲಿ ಎಲ್ಲಿಂದ ಬಂತಲೇ ಲಕ್ಕಪ್ಪ?"

"ಇದು ಅವಂದಲ್ರಿ. ಮೆಣಸಿನಕಾಯಿ ದಲಾಲಿ ಚನ್ನಬಸವಣ್ಣಾರದ್ದು. ಇಡೀ ಬೆಟಗೇರಿಗೆ ಗೊತ್ತು. ಬಿಸಲಿಗೆ ತಲಿಗೆ ಸುತ್ತಗೊಂಡು ಇದ ಕುರ್ಚಿ ಮ್ಯಾಲೆ ಕುಂಡ್ರತಾರ."

ಕ್ಲಬ್ಬಿನ ಕಾರ್ಯದರ್ಶಿ ಅಂದಾನಪ್ಪ ಅಲ್ಲೇ ಪಂಚರ ಹಿಂದೆ ನಿಂತಿದ್ದ. ವಲ್ಲಿಯ ಮಾತು ಬಂದದ್ದೇ ತಡ, ಮೂತ್ರ ವಿಸರ್ಜನೆಗೆಂದು ಗೋಡೆಯ ಕಡೆ ಹೊರಟ. ಡಂಬಳ ಅವನ ಜೊತೆಗೇ ಹೋಗಿ, ಜೊತೆಗೇ ವಾಪಸು ಬಂದರು.

"ಚನ್ನಬಸವಣ್ಣಾರು ನಿನ್ನೆ ಬಂದಿದ್ರೇನು?"

"ಇಲ್ರಿ."

"ವಲ್ಲಿ?"

"ಅಂಗಡಿ ಹಮಾಲನ ಕೈಯಾಗ ಕಳಿಸಿದ್ರು. ಅದು ಇಲ್ಲಿ ರೂಢಿರಿ. ಪಾಸಿನವರು ಬರದ ಇದ್ರ ವಲ್ಲಿ ಕಳಿಸಿ ಕುರ್ಚಿಗೆ ಹಾಕಸ್ತಾರ. ನಾ ಬರದಿದ್ರೂ ಕುರ್ಚಿ ನಂದ ಅಂತ."

ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಒಗೆಯುವ ಊರಿನವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

"ಮತ್ತ ಆ ಕುರ್ಚಿ ಮ್ಯಾಲೆ ಮಾಶಾಕ ಹೆಂಗ ಬಂದ?"

ಅಂದಾನಪ್ಪ ಕಾಲಿನ ಹೆಬ್ಬೆರಳು ನೋಡಿಕೊಂಡ. "ಸೆಮಿಫೈನಲ್ ಇತ್ರಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಾ ಕಡಿಯಿಂದ ಮಂದಿ ಬಂದಿದ್ರು. ಕುರ್ಚಿ ಖಾಲಿ ಇಟ್ಟು ಮಂದೀನ ವಾಪಸ್ ಕಳಸೂದು ಪಾಪ ಅಲ್ಲೇನ್ರಿ? ಬರಲಾರದವರ ಕುರ್ಚಿ ನಾವು ಆ ಮ್ಯಾಚಿನ ಮಟ್ಟಿಗೆ ಕೊಡತೀವಿ."

"ಮಾರತೀವಿ ಅನ್ನು."

"ಕ್ಲಬ್ಬಿಗೇ ಹೋಗ್ತೈತ್ರಿ, ನನ್ನ ಮನಿಗಲ್ಲ. ಯಾರರ ಕೇಳಿದ್ರ ಚನ್ನಬಸವಣ್ಣಾರ ಕಡಿಯವ ಅನ್ನು, ವಲ್ಲಿ ತಗೀಬ್ಯಾಡ ಅಂತ ಹೇಳಿ ಕುಂಡರಿಸಿದ್ದೆ. ಉಪಾಸ ಇದ್ದ, ಬಿಸಲ ಹತ್ತಿರಬೇಕು. ಅದನ್ನ ತಲಿಗೆ ಸುತ್ತಗೊಂಡಾನ."

ಪಾಸಿನವರ ಹಣ ಸೀಜನ್ನಿನ ಮೊದಲೇ ತೆಗೆದುಕೊಂಡು, ಅದೇ ಕುರ್ಚಿಯನ್ನು ಮತ್ತೊಮ್ಮೆ ಮಾರಿ, ಮೇಲೆ ಪುಣ್ಯದ ಮಾತಾಡುವ ಈ ಮನುಷ್ಯನಿಗೆ ಎರಡು ಬಿಡಬೇಕೆಂದು ಡಂಬಳರ ಕೈ ತುರಿಸಿತು. ಆದರೆ ಅವರ ತಲೆ ಬೇರೆಡೆಗೆ ಓಡಿತ್ತು. ದಿಬ್ಬದ ಮೇಲಿನವರಿಗೆ ಕಾಣುವುದು ಬೆನ್ನು ಮತ್ತು ತಲೆಯ ಬಟ್ಟೆ ಮಾತ್ರ. ಒಗೆದವನು ಮಾಶಾಕನಿಗೆ ಒಗೆದಿರಲೇ ಇಲ್ಲ.

ಎಪಿಎಂಸಿಯ ಅಂಗಡಿಯಲ್ಲಿ ಚನ್ನಬಸವಣ್ಣ ಗಾದಿಯ ಮೇಲೆ ಸುಮ್ಮನೆ ಕೂತಿದ್ದರು. ಎಪ್ಪತ್ತರ ಹತ್ತಿರದ, ದೊಡ್ಡ ಗಂಟಲಿನ ಮನುಷ್ಯ. ಮೈದಾನದಲ್ಲಿ ಅವರು ಕೂಗಿದರೆ ಗದಗಿನ ಸ್ಟೇಷನ್ನಿಗೆ ಕೇಳುತ್ತದೆ ಎಂದು ಮಂದಿ ನಗಾಡುತ್ತಿದ್ದರು. ಅವತ್ತು ಆ ಗಂಟಲು ಏಳಲಿಲ್ಲ.

"ನಿಮ್ಮ ಮ್ಯಾಲೆ ಯಾರಿಗೆ ಸಿಟ್ಟೈತ್ರಿ?"

"ಯಾರಿಗೂ ಇಲ್ಲ."

"ನಿನ್ನೆ ಮ್ಯಾಚಿನ ಹೊತ್ತಿಗೆ ಎಲ್ಲಿದ್ರಿ?"

"ಒಬ್ಬರ ಮನಿಗೆ ಹೋಗಿದ್ದೆ."

"ಯಾರ ಮನಿಗೆ?"

"ಅದು ನನ್ನ ಖಾಸಗಿ ವಿಷಯ. ಆ ಲಕ್ಷ್ಮೇಶ್ವರದ ಮನುಷ್ಯಾನ ಆಸ್ಪತ್ರಿ ಖರ್ಚು ನಾ ನೋಡತೇನಿ. ಇದನ್ನ ಇಲ್ಲಿಗೆ ಬಿಡ್ರಿ ಸಾಹೇಬ್ರ."

ಗೊತ್ತಿದ್ದೂ ಹೇಳದವರ ಮುಖ ಡಂಬಳರಿಗೆ ಪರಿಚಿತ. ಈ ಮುಖದಲ್ಲಿ ಮಾತ್ರ ಹೆದರಿಕೆ ಇರಲಿಲ್ಲ, ನಾಚಿಕೆ ಇತ್ತು. ಯಾಕೆಂದು ತಿಳಿಯದೆ ಅವರು ಇನ್ನಷ್ಟು ಚಡಪಡಿಸಿದರು.

ಮುಂದಿನ ಎರಡು ದಿನ ಲಕ್ಕಪ್ಪ ದಿಬ್ಬದ ಮೇಲಿದ್ದವರನ್ನು ಹುಡುಕಿ ಹುಡುಕಿ ಕೇಳಿದ. ಬುಧವಾರ ಠಾಣೆಗೆ ಬಂದು ಟೋಪಿ ತೆಗೆದು ಟೇಬಲ್ಲಿಗೆ ಒಗೆದ.

"ಈ ಬೆಟಗೇರಿ ಮಂದಿಗೆ ಹುಚ್ಚು ಹಿಡದೈತ್ರಿ. ಕಲ್ಲು ಯಾರು ಒಗದ್ರು ಅಂತ ಕೇಳಿದ್ರ ಗೋಲಿನ ಕತಿ ಹೇಳ್ತಾರ. ಎಲ್ಲಾರೂ ಜಿಗದಾಡಾಕ ಹತ್ತಿದ್ರಂತ, ಆ ಗದ್ದಲದಾಗ ಕಲ್ಲು ಬಂತಂತ. ಹುಬ್ಬಳ್ಳಿ ಟೀಮಿನ ಬ್ಯಾಕು ಚೆಂಡಿಗೆ ತಲಿ ಕೊಟ್ಟು ತನ್ನ ಗೋಲಿಗೆ ತಾನ ಹಾಕ್ಕೊಂಡಾನ. ಅದನ್ನ ಮುಂಜಾನಿಂದ ಎಷ್ಟು ಮಂದಿ ಹೇಳಿದ್ರೋ! ಮಿರ್ಚಿ ಮಾರೋ ಗದಿಗೆವ್ವ ಸೈತ ತಲಿ ಹಿಂಗ ಮಾಡಿ ತೋರಿಸಿದ್ಲು."

ಡಂಬಳರ ಕಾಲು ಕುಣಿಯುವುದು ನಿಂತಿತು.

"ಲಕ್ಕಪ್ಪ, ಎಲ್ಲಾರೂ ಗೋಲ್ ನೋಡ್ಯಾರ?"

"ಎಲ್ಲಾರೂ ನೋಡ್ಯಾರ್ರಿ."

"ಕಲ್ಲು ಒಗದಾಂವ ನೋಡಿಲ್ಲ. ಅವನ ಕಣ್ಣು ಕುರ್ಚಿ ಮ್ಯಾಲಿತ್ತು. ಇನ್ನ ಮ್ಯಾಲೆ ಕಲ್ಲಿನ ಮಾತ ಬ್ಯಾಡ. ಗೋಲ್ ಹೆಂಗ ಆತು ಅಂತ ಕೇಳು."

ಅದನ್ನೂ ಕೇಳಿದ್ದಾಯಿತು. ತಪ್ಪು ಹೇಳಿದವರು ಒಬ್ಬರೂ ಸಿಗಲಿಲ್ಲ. ಊರಿನ ಮಾತೂ ನಿಲ್ಲಲಿಲ್ಲ. ಗುರುವಾರ ಮಧ್ಯಾಹ್ನ ಡಂಬಳ ಆಸ್ಪತ್ರೆಗೆ ಹೋದಾಗ ಶಮಶಾದಬಿಯ ಮುಖ ಮೊದಲ ಸಲ ಸ್ವಲ್ಪ ತಿಳಿಯಾಗಿತ್ತು. ಮಾಶಾಕ ಬೆಳಿಗ್ಗೆ ಕೈ ಬೆರಳು ಆಡಿಸಿದ್ದನಂತೆ. ಬೆಂಚಿನ ತುದಿಯಲ್ಲಿ ಒಬ್ಬ ತೆಳ್ಳನೆಯ ಎತ್ತರದ ತರುಣ ಔಷಧದ ಚೀಟಿ ಹಿಡಿದು ನಿಂತಿದ್ದ. ಬಲಗೈಯ ಎರಡು ಬೆರಳಿಗೆ ಬಿದಿರಿನ ಚಕ್ಕೆ ಇಟ್ಟು ಬಟ್ಟೆ ಸುತ್ತಿದ್ದರು.

"ಇವ ವೀರೇಶ ಅಂತ್ರಿ" ಎಂದಳು ಶಮಶಾದಬಿ. "ಇಲ್ಲೇ ಬೆಟಗೇರ್ಯಾಗ ನೇಯ್ಗಿ ಮಾಡ್ತಾನ. ಅವತ್ತ ನಮ್ಮವರನ್ನ ಟೆಂಪೋದಾಗ ಹಾಕ್ಕೊಂಡು ಬಂದವರಾಗ ಇವನೂ ಒಬ್ಬ. ಅವತ್ತಿನಿಂದ ಮನಿಗೂ ಹೋಗಿಲ್ಲ. ಔಷಧ ತರ್ತಾನ, ರೋಜಾ ಬಿಡಾಕ ಖಜೂರ ತರ್ತಾನ. ಅಲ್ಲಾ ನನಗೊಬ್ಬ ತಮ್ಮನ್ನ ಕೊಟ್ಟಾನ್ರಿ."

"ದಿಬ್ಬದ ಮ್ಯಾಲೆ ಇದ್ದೇನಪಾ?"

"ಹೂಂ ಸರ್."

"ಭಾರಿ ಗೋಲಂತಲ್ಲ. ನಾ ನೋಡಲಿಲ್ಲ. ಹೆಂಗಾತು?"

ತರುಣ ಚೀಟಿಯನ್ನು ಮಡಚಿದ. "ನಮ್ಮ ಫಾರ್ವರ್ಡ್ ಒದ್ದ ಸರ್. ಚೆಂಡು ಮೂಲ್ಯಾಗ ಹೋತು."

ಡಂಬಳ ತಲೆಯಾಡಿಸಿ ಹೊರಗೆ ಬಂದರು. ಸಿಕ್ಕಿದ ಎಂಬ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಮೋಟಾರ್‌ ಸೈಕಲ್ಲನ್ನು ಎರಡು ಸಲ ಒದ್ದು ಚಾಲೂ ಮಾಡಿ ನೇರ ಎಪಿಎಂಸಿಗೆ ಹೋದರು. ಚನ್ನಬಸವಣ್ಣನ ಮುಂದೆ ನಿಂತು ಒಂದೇ ಹೆಸರು ಹೇಳಿದರು.

"ವೀರೇಶ."

ಹಿರಿಯರು ಗಾದಿಯಿಂದ ಏಳಲು ಹೋಗಿ ಮತ್ತೆ ಕೂತರು.

"ನಮ್ಮ ಗೋಲ್‌ಕೀಪರ್‌ರಿ ಅಂವ. ಹಿಂದಿನ ಮ್ಯಾಚಿನಾಗ ಚೆಂಡು ಅವನ ಕೈಯಾಗಿಂದ ಜಾರಿ ಗೋಲಿಗೆ ಹೋತು. ನಾ ಕುರ್ಚಿ ಮ್ಯಾಲಿಂದ ಎದ್ದು, ಎಷ್ಟಕ್ಕ ಮಾರಕೊಂಡ್ಯೋ ಮಗನ ಅಂತ ಕೂಗಿದೆ. ಸಿಟ್ಟಿನಾಗ ಬಂದ ಮಾತು. ದಿಬ್ಬದ ಮ್ಯಾಲಿನವರು ಅದನ್ನ ಹಾಡು ಮಾಡಿಕೊಂಡ್ರು. ಕ್ಲಬ್ಬಿನವರು ಟೀಮಿನಿಂದ ತಗದ್ರು. ಮಗ್ಗದ ಮನ್ಯಾಗ ಅದ ಮಾತು, ಚಹಾದಂಗಡ್ಯಾಗ ಅದ ಮಾತು. ಅವನ ಅವ್ವ ಕಸ್ತೂರೆವ್ವ ನಳಕ್ಕ ನೀರಿಗೆ ಹೋಗೂದು ಬಿಟ್ಲಂತ."

"ಆಮ್ಯಾಲೆ?"

"ಹ್ವಾದ ಶನಿವಾರ ಶಿರಹಟ್ಟಿಯ ಎಲಬು ಕಟ್ಟೋರು ನಮ್ಮ ಅಂಗಡಿಗೆ ಬಂದಿದ್ರು. ಆ ಹುಡುಗನ ಎರಡು ಬೆರಳು ಮ್ಯಾಚಿನ ಮೊದಲನ ಮುರದಿದ್ವು, ಹೇಳಿದ್ರ ಆಟಕ್ಕ ಬಿಡಂಗಿಲ್ಲ ಅಂತ ಮುಚ್ಚಿಟ್ಟಿದ್ದ ಅಂದ್ರು. ಎಂಥಾ ಪಾಪ ಮಾಡಿದೆ ಅನಿಸ್ತು. ಆ ಕುರ್ಚಿ ಮ್ಯಾಲೆ ಕುಂಡ್ರಾಕ ಮನಸ್ಸಾಗಲಿಲ್ಲ. ವಲ್ಲಿ ಕಳಿಸಿ, ತಪ್ಪಾತು ಅನ್ನಾಕ ಅವನ ಮನಿಗೆ ಹೋದೆ. ಅಂವ ಇರಲಿಲ್ಲ. ಹೊತ್ತು ಮುಳಗೂ ತನಕ ಕುಂತೆ. ಕಲ್ಲಿನ ಸುದ್ದಿ ಕೇಳಿದ ಕೂಡ್ಲೆ ಎಲ್ಲಾ ತಿಳೀತು ಸಾಹೇಬ್ರ. ಹೇಳಲಿಲ್ಲ. ಒಮ್ಮೆ ಬಾಯಿ ಬಿಟ್ಟು ಅವನ್ನ ಹಾಳು ಮಾಡೇನಿ. ಎರಡನೇ ಸಲ ಹೆಂಗ ಮಾಡ್ಲಿ?"

ಸಾಕ್ಷಿ ಮುಚ್ಚಿಡುವುದು ತಪ್ಪು ಎಂದು ಹೇಳುವುದು ಡಂಬಳರ ಕರ್ತವ್ಯವಾಗಿತ್ತು, ಅದನ್ನು ಹೇಳದೆ ಹೊರಟರು.

ಸಂಜೆ ಲಕ್ಕಪ್ಪನೊಂದಿಗೆ ಆಸ್ಪತ್ರೆಗೆ ಬಂದಾಗ ಬೆಂಚಿನ ಮೇಲೆ ಶಮಶಾದಬಿ ಒಬ್ಬಳೇ ಇದ್ದಳು. "ಖಜೂರ ತರಾಕ ಹೋಗ್ಯಾನ್ರಿ, ಬರ್ತಾನ ಕುಂಡ್ರಿ" ಎಂದಳು. ವೀರೇಶ ಮೆಟ್ಟಿಲು ಹತ್ತಿ ಬಂದವನು ಖಾಕಿ ನೋಡಿ ನಿಂತ. ಓಡಲಿಲ್ಲ.

"ಗೋಲ್ ಹೆಂಗಾತು ಅಂತ ಸಂತ್ಯಾಗ ಈಗ ಕೇಳಿದೆ ಸರ್" ಎಂದ ಮೆಲ್ಲಗೆ. "ಅಕ್ಕ ರೋಜಾ ಬಿಡ್ಲಿ. ಆಮ್ಯಾಲೆ ಬರ್ತೇನಿ."

ಆರೋಪಿಯನ್ನು ಹಿಡಿಯಲು ಬಂದ ಪಿಎಸ್‌ಐ ಕಾಯುವುದು ಯಾವ ನಿಯಮದಲ್ಲೂ ಇಲ್ಲ. ಡಂಬಳ ಕಾದರು. ಅಜಾನ್ ಕೇಳಿತು. ಶಮಶಾದಬಿ ಮೊದಲ ಖರ್ಜೂರ ಸಾಹೇಬರ ಕೈಗಿಟ್ಟಳು. ವೀರೇಶ ತಂದ ಆ ಖರ್ಜೂರದಿಂದಲೇ ಅವರೂ ರೋಜಾ ಬಿಟ್ಟರು.

ಅವಳು ನೀರು ಕುಡಿದು ಲೋಟ ಕೆಳಗಿಟ್ಟ ಮೇಲೆ ವೀರೇಶನೇ ಹೇಳಿದ. "ಅಕ್ಕಾ, ಕಲ್ಲು ಒಗದಾಂವ ನಾನ."

ಶಮಶಾದಬಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಎದ್ದು ನಿಂತಳು. ಅವಳ ಕೈ ಮೇಲೆದ್ದಿತು. ಲಕ್ಕಪ್ಪ ತಡೆಯಲು ಹೋದ, ಡಂಬಳ ಬೇಡವೆಂದರು. ಕೈ ಹಾಗೇ ಗಾಳಿಯಲ್ಲಿ ನಿಂತಿತು.

"ನನ್ನ ಗಂಡ ನಿನಗೇನ ಮಾಡಿದ್ದ?"

"ಏನೂ ಮಾಡಿಲ್ಲ ಅಕ್ಕಾ. ಅವರು ಯಾರಂತ ಸೈತ ನನಗ ಗೊತ್ತಿದ್ದಿಲ್ಲ. ಬ್ಯಾರೇದವರು ಅಂತ ಒಗದೆ."

ಅವಳು ತಿರುಗಿ ವಾರ್ಡಿನ ಬಾಗಿಲಲ್ಲಿ ನಿಂತು, ಎಲ್ಲ ಹಾಸಿಗೆಗಳಿಗೂ ಮುಟ್ಟುವಂತೆ ಕೂಗಿದಳು. "ಕೇಳಿದ್ರೇನ್ರಿ? ನನ್ನ ಗಂಡ ಏನೂ ಮಾಡಿಲ್ಲಂತ! ಒಗದಾಂವನ ಬಾಯಿಲೆ ಕೇಳ್ರಿ ಬೇಕಾದ್ರ!" ಅಷ್ಟು ಹೇಳಿ ಬಾಗಿಲಿಗೆ ಆತು ಅಳತೊಡಗಿದಳು. ನಾಲ್ಕು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು. ವೀರೇಶನ ಕಡೆ ಅವಳು ಮತ್ತೆ ನೋಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಾಶಾಕ ಕಣ್ಣು ಬಿಟ್ಟ. ಪ್ರಕರಣ 307ರಲ್ಲೇ ನಿಂತಿತು. ಅಂದಾನಪ್ಪನ ಮೇಲೆ ಮೋಸದ ಪ್ರಕರಣ ಹಾಕಲು ಡಂಬಳ ಪಾಸಿನವರಿಂದ ಫಿರ್ಯಾದಿ ಕೇಳಿದರು. ಊರಿನ ಕ್ಲಬ್ಬಿನ ಮೇಲೆ ಒಬ್ಬರೂ ಬರೆದುಕೊಡಲಿಲ್ಲ.

ವೀರೇಶನ ಹೇಳಿಕೆ ಚಿಕ್ಕದು. ಗೋಲಾದರೆ ಚನ್ನಬಸವಣ್ಣ ಎದ್ದು ಕೂಗುತ್ತಾರೆಂದು ಅವನಿಗೆ ಗೊತ್ತಿತ್ತು. ತನ್ನನ್ನು ಊರಿಗೆಲ್ಲ ಕಳ್ಳನನ್ನಾಗಿ ಮಾಡಿದ ಆ ಬಾಯಿ ಒಮ್ಮೆ ಮುಚ್ಚಲಿ ಎಂದು, ನೆಟ್ಟಗಿದ್ದ ಎಡಗೈಯಲ್ಲಿ ಕಲ್ಲು ಹಿಡಿದು ಕಾಯುತ್ತಿದ್ದ. ಮೈದಾನದ ಕಡೆ ನೋಡಿರಲೇ ಇಲ್ಲ.

ಸಹಿ ಹಾಕಿಸಿಕೊಂಡ ಮೇಲೆ, ಆ ಹೊತ್ತಿನಲ್ಲಿ ಚನ್ನಬಸವಣ್ಣ ಎಲ್ಲಿದ್ದರೆಂದು ಡಂಬಳ ಅವನಿಗೆ ಹೇಳಿದರು. ಹೇಳದೆಯೂ ಇರಬಹುದಿತ್ತು.

ವೀರೇಶ ಕಟ್ಟು ಹಾಕಿದ ಬೆರಳು ನೋಡಿಕೊಂಡ.

"ನಮ್ಮ ಮನಿಗೆ ಬಂದಿದ್ರೇನ್ರಿ?" ಎಂದ. "ಅವ್ವ ಅವರಿಗೆ ಚಹಾ ಕೊಟ್ಟಿದ್ಲೇನ್ರಿ?"

"ಎರಡು ಸಲ ಕೊಟ್ಟಾಳಂತ" ಎಂದರು ಡಂಬಳ. "ನೀ ಈಗ ಬರ್ತಿ ಅಂತ ಹೇಳಿ ಹೇಳಿ ಕುಂಡರಿಸಿಕೊಂಡಿದ್ಲಂತ."