ಇಪ್ಪತ್ನಾಲ್ಕನೆಯ ಸರಳು

ಭಾನುವಾರ ಸಂಜೆ ನಾಲ್ಕು ಐವತ್ತಕ್ಕೆ ಠಾಣೆಗೆ ಬಂದವನ ಮೈಮೇಲೆ ಇನ್ನೂರು ವರ್ಷ ಹಿಂದಿನ ಸೈನಿಕನ ಉಡುಪಿತ್ತು. ಅದಕ್ಕೆ ಅಂಟಿದ್ದ ರಕ್ತ ಮಾತ್ರ ಇನ್ನೂ ಹಸಿ.

"ಅಣ್ಣನ್ನ ನಾನೇ ಕೊಂದ್ಬಿಟ್ಟೆ ಸಾರ್."

ಇನ್ಸ್‌ಪೆಕ್ಟರು ನೀರು ಕುಡಿಸಿ ಕೂರಿಸಿದ ಮೇಲೆ ವಿಷಯ ಬಿಡಿಬಿಡಿಯಾಗಿ ಹೊರಬಂತು. ಮೈದಾನದಲ್ಲಿ ವರ್ಷಕ್ಕೊಮ್ಮೆ ಹಳೆಯ ಯುದ್ಧವೊಂದನ್ನು ಆಡಿತೋರಿಸುವ ತಂಡ ಅವರದು. ಅಣ್ಣ ದಳಪತಿ, ತಮ್ಮನಿಗೆ ಮದ್ದಿನ ಉಸ್ತುವಾರಿ. ಬಂದೂಕಿಗೆ ಗುಂಡು ಹಾಕುವುದಿಲ್ಲ, ಬರೀ ಮದ್ದು. ಎರಡನೇ ಸುತ್ತು ಹಾರಿದಾಗ ಅಣ್ಣ ಬಿದ್ದ. ಜನ ಚಪ್ಪಾಳೆ ತಟ್ಟಿದರು. ಅವನು ಏಳಲೇ ಇಲ್ಲ.

"ಪೊಟ್ಟಣ ಕಟ್ಟಿದ್ದೆಲ್ಲಾ ನಾನೇ. ಮದ್ದು ಜಾಸ್ತಿ ಆಯ್ತೇನೋ."

ಐದೂ ಕಾಲಿಗೆ ಎಫ್‌ಐಆರ್ ಆಯಿತು. ಇನ್ಸ್‌ಪೆಕ್ಟರ ಮತ್ತು ಆ ತಮ್ಮನ ಜೊತೆ ಸ್ಥಳ ಪಂಚನಾಮೆಗೆ ಹೋದ ದಫೇದಾರ ಬೋರಲು ಬಿದ್ದಿದ್ದ ಹೆಣವನ್ನು ಹೊರಳಿಸಿ ಎರಡು ಹೆಜ್ಜೆ ಹಿಂದೆ ಸರಿದ. ಎದೆಯಲ್ಲಿ ಕಬ್ಬಿಣದ ಸರಳೊಂದು ನಾಟಿತ್ತು.

"ಇದೇನ್ ಸಾರ್, ಬಾಣ ಬಿಟ್ಟಂಗಿದೆ!"

"ಮದ್ದು ಜಡಿಯೋ ಸರಳು," ಎಂದ ತಮ್ಮ, ಗೋಡೆಯಂತೆ ಬಿಳಿಚಿಕೊಂಡು. "ನಳಿಗೇಲಿ ಮರ್ತುಬಿಟ್ರೆ ಹಾರುತ್ತೆ ಅಂತ ನಾವದನ್ನ ಮೈದಾನಕ್ಕೇ ತರಲ್ಲ. ಡೇರೆಯ ಪೆಟ್ಟಿಗೇಲೇ ಬಿಟ್ಟು ಬರ್ತೀವಿ."

ಪೆಟ್ಟಿಗೆ ತೆರೆಸಿದರು. ಇಪ್ಪತ್ನಾಲ್ಕು ಬಂದೂಕಿಗೆ ಇಪ್ಪತ್ಮೂರು ಸರಳು.

ಬೀದಿಬದಿಯ ಗೋಡೆಚಿತ್ರಗಳನ್ನೂ ಇಂಥ ಯುದ್ಧದಾಟಗಳನ್ನೂ ಫೋಟೊ ತೆಗೆಯುತ್ತ ಊರೂರು ಅಲೆಯುವ ಹೆಂಗಸೊಬ್ಬಳು ಅಲ್ಲಿದ್ದಳು. ಅವಳ ಕ್ಯಾಮೆರಾದಲ್ಲಿ ನಾಲ್ಕು ಹನ್ನೆರಡರ ಚಿತ್ರ ಸಿಕ್ಕಿತು. ನಿಯಮದಂತೆ ಎಲ್ಲ ನಳಿಗೆಗಳೂ ಆಕಾಶಕ್ಕೆ ಮುಖ ಮಾಡಿದ್ದವು. ಒಂದು ಮಾತ್ರ ನೆಲಕ್ಕೆ ಸಮವಾಗಿತ್ತು, ಅದರ ಬಾಯಿಂದ ಮೂರು ಬೆರಳಷ್ಟು ಕಬ್ಬಿಣ ಇಣುಕಿತ್ತು.

"ಅಯ್ಯೋ, ಆ ಬಂದೂಕು ಹಿಡಿದಿರೋ ಇವ್ರು ಗೋಡೆಚಿತ್ರ ಬರೆಯೋರು!" ಅವಳು ಇನ್ನೆರಡು ಚಿತ್ರ ತೆರೆದು ತೋರಿಸಿದಳು. "ಹೋದ ತಿಂಗಳು ಇವ್ರ ಗೋಡೆಯ ಫೋಟೊ ತೆಗ್ದಿದ್ದೆ. ಇವತ್ತು ಬೆಳಿಗ್ಗೆ ನೋಡಿದ್ರೆ ಹೀಗಿದೆ."

ಮೊದಲ ಚಿತ್ರದಲ್ಲಿ ಗೋಡೆ ತುಂಬ ಕುದುರೆಗಳು. ಎರಡನೆಯದರಲ್ಲಿ ಬರೀ ಸುಣ್ಣ, ಮೇಲೆ ಯುದ್ಧದಾಟಕ್ಕೆ ಬರುವವರ ವಾಹನ ನಿಲುಗಡೆಯ ಬಾಣದ ಗುರುತು.

ಏಳು ಗಂಟೆಗೆ ಚಿತ್ರಗಾರನ ವಿಚಾರಣೆ.

"ಮರ್ತೆ ಸಾರ್. ಒಳಗೇ ಬಿಟ್ಬಿಟ್ಟೆ."

"ಪೆಟ್ಟಿಗೇಲಿದ್ದದ್ದು ನಳಿಗೆಗೆ ನಡ್ಕೊಂಡು ಬಂತಾ?"

ಇನ್ಸ್‌ಪೆಕ್ಟರು ಸುಣ್ಣದ ಗೋಡೆಯ ಚಿತ್ರವನ್ನು ಮೇಜಿನ ಮೇಲಿಟ್ಟರು. ಚಿತ್ರಗಾರ ಅದರ ಕೆಳತುದಿಯ ಮೇಲೆ ಬೆರಳಿಟ್ಟ.

"ಮೇಲಿನ ಕುದುರೆಗಳನ್ನ ನಾನು ಮತ್ತೆ ಬರೀಬಲ್ಲೆ. ಕೆಳಗಿನ ಐದು ನನ್ನ ಮಗಳು ಬರ್ದಿದ್ದು. ಹೋದ ವರ್ಷ ಜ್ವರ ಬಂದು ಹೋಗ್ಬಿಟ್ಲು. ಹೇಳ್ದೆ ಕೇಳ್ದೆ ಬಳಿಸಿಬಿಟ್ಟ, ಆ ದಳಪತಿ."

ಏಳು ನಲವತ್ತಕ್ಕೆ ಬಂಧನ.

ಹೊರಗೆ ಬೆಂಚಿನ ಮೇಲಿದ್ದ ತಮ್ಮನಿಗೆ ಇನ್ಸ್‌ಪೆಕ್ಟರೇ ಹೋಗಿ ಹೇಳಿದರು: "ನಿಮ್ಮ ಮದ್ದಿನ ತಪ್ಪಲ್ಲಪ್ಪ." ಆಮೇಲೆ ಕಾರಣವನ್ನೂ ತಿಳಿಸಿದರು. ಅವನು ಬಿಟ್ಟ ಉಸಿರು ಅರ್ಧಕ್ಕೇ ನಿಂತಿತು.

"ಸುಣ್ಣ ಬಳಿಸಿದ್ದು ನಾನು ಸಾರ್. ಅಣ್ಣ ಬೇಡ ಅಂದಿದ್ದ. 'ಆ ಗೋಡೆ ತಂಟೆಗೆ ಹೋಗ್ಬೇಡ ಕಣೋ' ಅಂದಿದ್ದ."

ಬರೆದುಕೊಳ್ಳುತ್ತಿದ್ದ ದಫೇದಾರನ ಪೆನ್ನು ನಿಂತಿತು. "ಇದನ್ನೂ ಬರೀಲಾ ಸಾರ್?"

"ಬರ್ಕೋ."

"ಒಳಗಿರೋನಿಗೆ ಗೊತ್ತಾಗುತ್ತಲ್ಲ?"

"ಗೊತ್ತಾಗುತ್ತೆ," ಎಂದರು ಇನ್ಸ್‌ಪೆಕ್ಟರು. "ಹೇಳಿಕೆಯ ಒಂದು ಪ್ರತಿ ಆರೋಪಿಗೂ ಕೊಡ್ಬೇಕು."