ಮೇಣದಬತ್ತಿ ಹಿಡಿದವರ ಮಾತು

"ಯಾರೂ ಮಾತಾಡಬೇಡಿ! ಒಂದಕ್ಷರ ಕೂಡ ಬೇಡ!"

ಮಹಡಿ ಕೋಣೆಯ ಬಾಗಿಲು ದಢಾರನೆ ತೆರೆದುಕೊಂಡಿತು. ಚರ್ಚಿನ ಸ್ಪೀಕರ್ ರಿಪೇರಿಗೆ ಬಂದಿದ್ದವನು ಕೊರಳಲ್ಲಿ ವೈರಿನ ಸುರುಳಿ ಹಾಕಿಕೊಂಡು ಏದುಸಿರು ಬಿಡುತ್ತಾ ನಿಂತಿದ್ದ.

ಸುತ್ತ ಕೂತಿದ್ದ ಹನ್ನೊಂದು ಮಕ್ಕಳೂ ಬೆಚ್ಚಿಬಿದ್ದರು. ಆಗ ಮೇಣದಬತ್ತಿ ಪಾದ್ರಿಗಳ ಮಗಳ ಕೈಯಲ್ಲಿತ್ತು.

ಕೂಟ ನಡೆಸುತ್ತಿದ್ದ ಇವಳಿಗೋ ಮೈಯೆಲ್ಲಾ ಉರಿದುಹೋಯಿತು! ವಾರವೆಲ್ಲಾ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಇವಳು, ಶನಿವಾರ ಸಂಜೆ ಈ ಯುವಕೂಟದ 'ಅಕ್ಕ'. ಇಲ್ಲಿ ಮೇಣದಬತ್ತಿ ಹಿಡಿದವರು ತಮ್ಮ ನಂಬಿಕೆಯ ಕಥೆಯನ್ನು ಸುಳ್ಳಿಲ್ಲದೆ ಹೇಳಬೇಕು. ಆಡಿದ ಮಾತು ಈ ಕೋಣೆ ದಾಟಬಾರದು.

"ಯಾರ್ರೀ ನೀವು? ಬಾಗಿಲು ತಟ್ಟೋ ಅಭ್ಯಾಸ ಇಲ್ವಾ?"

"ಇಲ್ಲಿನ ಮಾತೆಲ್ಲಾ ಕೆಳಗೆ ಸ್ಪೀಕರಲ್ಲಿ ಕೇಳ್ತಿತ್ತು ಮೇಡಂ... ಆಫ್ ಮಾಡಿ ಓಡಿ ಬಂದೆ, ಯಾರಾದ್ರೂ ಮತ್ತೆ ಆನ್ ಮಾಡಿದ್ರೆ ಅಂತ ಭಯ."

"ಕೆಳಗೆ ಯಾರಿದ್ರು?"

"ಹಾಡಿನ ತಂಡದವರು... ಪಾದ್ರಿಗಳು..."

ಪಾದ್ರಿಗಳ ಮಗಳ ಮುಖ ಬಿಳಿಚಿಕೊಂಡಿತು. 'ನಾನು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡೋ ಹಾಗೆ ನಟಿಸ್ತೀನಿ. ದೇವರು ಕೇಳಿಸ್ಕೊಳ್ತಾನೋ ಇಲ್ವೋ ಗೊತ್ತಿಲ್ಲ. ಅಪ್ಪನಿಗೆ ಹೇಳೋಕೆ ಭಯ' ಎಂದು ಈಗಷ್ಟೇ ಹೇಳಿದ್ದಳು.

ಅಯ್ಯೋ ಕರ್ತನೇ!

"ನಿಮ್ಮ ವೈರಿಂಗ್ ಮಾಡಿದ ಕೆಲಸಾನಾ ಇದು?"

ಅವನ ಕಣ್ಣು ಒಂದು ಕ್ಷಣ ಇವಳ ಶಾಲಿನ ಮೇಲೆ ನಿಂತಿತು. ಏನೋ ಹೇಳಲು ಬಾಯಿ ತೆರೆದ. ಮಕ್ಕಳ ಕಡೆ ನೋಡಿ ಸುಮ್ಮನಾದ.

"ಹೌದು. ತಪ್ಪು ನಂದೇ."

"ತಪ್ಪು ಮಾಡಿ, ದಿಟ್ಟಿಸಿ ನೋಡೋದು ಬೇರೆ! ನಡೀರಿ ಹೊರಗೆ!"

ಮುಂದಿನ ಶನಿವಾರ ಪಾದ್ರಿಗಳ ಮಗಳ ಕುರ್ಚಿ ಖಾಲಿ. ಅದರ ಮುಂದಿನ ವಾರ ಐದು ಖಾಲಿ. ಬಂದವರೂ ಮೇಣದಬತ್ತಿಯನ್ನು ಬಿಸಿ ಪಾತ್ರೆಯಂತೆ ಪಕ್ಕದವರಿಗೆ ದಾಟಿಸಿಬಿಡುತ್ತಿದ್ದರು. ಮೂರು ವರ್ಷ ಕಟ್ಟಿದ ಕೂಟ ಕಣ್ಣೆದುರೇ ಕರಗುತ್ತಿತ್ತು!

ಅಷ್ಟು ಬೈಸಿಕೊಂಡವನು ಮಾತ್ರ ಪ್ರತಿ ವಾರ ತಪ್ಪದೆ ಬರುತ್ತಿದ್ದ. ಮಕ್ಕಳು 'ವೈರಣ್ಣ' ಎಂದು ಹೆಸರಿಟ್ಟರು. ಅಲುಗಾಡುವ ಕುರ್ಚಿಗಳನ್ನೂ ಬಿಗಿ ಮಾಡಿಕೊಟ್ಟ. ಇವಳು ಎದುರು ಬಂದರೆ ಸದ್ದಿಲ್ಲದೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ.

'ಕೋಪ ಇದ್ದರೆ ನನ್ನ ಕಣ್ಣೇಕೆ ಅವನನ್ನೇ ಹುಡುಕುತ್ತೆ? ಥೂ, ನನಗೇ ಕನ್ನಡಕ ಬೇಕೇನೋ!'

ಮೂರನೇ ಶನಿವಾರ ಚಳಿಯೆಂದು ಕೂಟದ ಕೋಣೆಯ ಬೀರುವಿನಿಂದ ಶಾಲು ಎಳೆದಳು. ಆ ದಿನ ಸಿಟ್ಟಿನಲ್ಲಿ ಉಂಡೆ ಮಾಡಿ ತುರುಕಿದ್ದ ಶಾಲು. ಅಂಚಿನಲ್ಲಿ ಏನೋ ಗಟ್ಟಿಯಾಗಿ ತಗುಲಿತು...

ಬೆರಳುದ್ದದ ವೈರ್‌ಲೆಸ್ ಕಾಲರ್ ಮೈಕ್!

ಭಾನುವಾರದ ಬೈಬಲ್ ವಾಚನದ ಅಭ್ಯಾಸಕ್ಕೆಂದು ಸಿಕ್ಕಿಸಿಕೊಂಡವಳು, ತೆಗೆಯುವುದನ್ನೇ ಮರೆತು ನೇರವಾಗಿ ಮೆಟ್ಟಿಲು ಹತ್ತಿ ಕೂಟಕ್ಕೆ ಬಂದಿದ್ದಳು. ಇದನ್ನು ಕಳೆದವನು ತಾನೇ ಎಂದು ಹೇಳಿ ವೈರಣ್ಣ ಪಾದ್ರಿಗಳಿಂದ ಬೈಸಿಕೊಂಡಿದ್ದ!

ಕೆಳಗಿದ್ದ ವೈರಣ್ಣನ ಬಳಿಗೆ ಓಡಿದಳು.

"ನಿಮಗೆ ಗೊತ್ತಿತ್ತು! ಯಾಕೆ ಹೇಳ್ಲಿಲ್ಲ?"

"ಮಕ್ಕಳಿಗೆ ನಾನು ಯಾರೋ. ನೀವು ಅವರ ಅಕ್ಕ. ನಿಮ್ಮ ಮೇಲೇ ನಂಬಿಕೆ ಹೋದ್ರೆ ಅವರು ಯಾರ ಹತ್ರ ಹೋಗ್ತಾರೆ?"

ಇವಳ ಕಣ್ಣು ತುಂಬಿ ಬಂತು. ಮೈಕನ್ನು ಅವನ ಕೈಗಿಟ್ಟು ಸುಮ್ಮನಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸುಳ್ಳಿಲ್ಲದೆ ಹೇಳಿ ಎಂದು ಮಕ್ಕಳಿಗೆ ಕಲಿಸಿದವಳು ಇವಳೇ ಅಲ್ಲವೇ!

ಹನ್ನೊಂದು ಮಕ್ಕಳಿಗೂ ಫೋನ್ ಮಾಡಿ ಕರೆಸಿದಳು. ವೈರಣ್ಣ ಬಾಗಿಲಲ್ಲೇ ನಿಂತ. ಇವಳು ಮೇಣದಬತ್ತಿ ಹಿಡಿದಳು.

"ಅವತ್ತು ಮಾತು ಹೊರಗೆ ಬಿಟ್ಟಿದ್ದು ವೈರಣ್ಣ ಅಲ್ಲ, ನಾನು. ಮೈಕ್ ನನ್ನ ಶಾಲಲ್ಲೇ ಇತ್ತು. ನೀವು ನನ್ನನ್ನ ಬಿಟ್ಟು ಹೋದ್ರೂ ಸರಿ, ಸುಳ್ಳಿನ ಮೇಲೆ ಈ ಕೂಟ ನಡೆಸಲ್ಲ."

ಪಾದ್ರಿಗಳ ಮಗಳು ಎದ್ದು ಬಂದು ಮೇಣದಬತ್ತಿ ತೆಗೆದುಕೊಂಡಳು.

"ಅಪ್ಪ ಬೈತಾರೆ ಅಂದ್ಕೊಂಡಿದ್ದೆ. ಪಕ್ಕದಲ್ಲಿ ಕೂತು, 'ನಂಗೂ ಎಷ್ಟೋ ದಿನ ಹಾಗೇ ಆಗುತ್ತೆ ಮಗಳೇ' ಅಂದ್ರು. ಅವತ್ತು ಇಬ್ರೂ ನಿಜವಾಗಿ ಪ್ರಾರ್ಥನೆ ಮಾಡಿದ್ವಿ ಅಕ್ಕ... ಇಲ್ಲಿಗೆ ಬರೋಕೆ ಮಾತ್ರ ನಾಚಿಕೆ ಆಗ್ತಿತ್ತು." ಕಣ್ಣೊರೆಸಿಕೊಂಡು ನಕ್ಕಳು. "ಇನ್ಮೇಲೆ ಶಾಲು ಹೊರಗೇ ಬಿಟ್ಟು ಬನ್ನಿ!"

ಕೋಣೆಯೆಲ್ಲಾ ನಗು! ಇವಳು ಅಳುತ್ತಲೇ ಅವಳನ್ನು ತಬ್ಬಿಕೊಂಡಳು.

"ಹಿಡೀರಿ ವೈರಣ್ಣ, ಈಗ ನಿಮ್ಮ ಸರದಿ! ಸುಳ್ಳು ಹೇಳೋ ಹಾಗಿಲ್ಲ!" ಎಂದು ಹುಡುಗಿ ಮೇಣದಬತ್ತಿಯನ್ನು ಬಾಗಿಲಲ್ಲಿದ್ದವನ ಕೈಗಿತ್ತಳು.

ಅವನ ಕಿವಿ ಕೆಂಪಾಯಿತು.

"ಸ್ಪೀಕರ್ ರಿಪೇರಿ... ಮೊದಲನೇ ದಿನವೇ ಮುಗಿದಿತ್ತು."

"ಹೋ!" ಎಂದರು ಮಕ್ಕಳು.

"ಆಮೇಲೆ ಬಂದಿದ್ದೆಲ್ಲಾ ನಿಮ್ಮ ಅಕ್ಕನ್ನ ನೋಡೋಕೆ. ಇವರು ನಂಗೆ ತುಂಬಾ ಇಷ್ಟ."

ಇವಳು ಮೆಲ್ಲಗೆ ಹೋಗಿ ಮೇಣದಬತ್ತಿಗೆ ಕೈ ಚಾಚಿದಳು. ಬೆರಳಿಗೆ ಬೆರಳು ತಾಗಿತು. ಯಾರೂ ಬಿಡಿಸಿಕೊಳ್ಳಲಿಲ್ಲ.

"ನಂಗೂ..." ಎಂದಳು.

"ಆಡಿದ ಮಾತು ಈ ಕೋಣೆ ದಾಟಬಾರದು ಅಲ್ವಾ ಮೇಡಂ?"

"ಮೇಡಂ ಅನ್ನೋದು ಬಿಡಿ..." ಇವಳು ನಕ್ಕಳು. "ಇದೊಂದು ಮಾತು ದಾಟಲಿ."